ಯಾರೂ ಕರೆ ಮಾಡದ ಮುನ್ನೂರು ನಂಬರುಗಳು

ಆಫೀಸಿನಲ್ಲಿ ಆಕೆಯನ್ನು ಎದುರಿಗೆ ‘ಮೇಡಂ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಜರಡಿ’ ಅನ್ನುತ್ತಿದ್ದರು. ಹೆಸರಿಟ್ಟವರು ಆಡಿಕೊಳ್ಳುವುದಕ್ಕೇ ಇಟ್ಟಿದ್ದು. ಅದು ಮೊದಲ ಸಲ ಕಿವಿಗೆ ಬಿದ್ದ ದಿನ ಆಕೆ, ‘ಸದ್ಯ, ಈ ಕಟ್ಟಡದಲ್ಲಿ ಒಂದಾದರೂ ಕೆಲಸಕ್ಕೆ ಬರುವ ಸಾಮಾನಿದೆ ಅಂತ ಇವರಿಗೆ ಗೊತ್ತಾಯಿತಲ್ಲ’ ಅಂದುಕೊಂಡು ತನ್ನ ಚಹಾ ಮುಗಿಸಿ ಎದ್ದಳು.

ಮೊಬೈಲ್ ಕಂಪನಿಯಲ್ಲಿ ಆಕೆಯದು ಇಪ್ಪತ್ತೆರಡು ವರ್ಷದ ನೌಕರಿ. ಮೊದಲ ಒಂಬತ್ತು ವರ್ಷ ದೂರು ಕೌಂಟರಿನ ಗಾಜಿನ ಹಿಂದೆ ಕೂತು ಊರವರೆಲ್ಲರ ಬೈಗುಳ ತಿಂದಿದ್ದಳು. ಅಲ್ಲಿ ಅಷ್ಟು ವರ್ಷ ಕೂತವರು ಇಲ್ಲ ಸಂತರಾಗುತ್ತಾರೆ, ಇಲ್ಲ ಯಾರ ಮಾತನ್ನೂ ನಂಬದವರಾಗುತ್ತಾರೆ. ಆಕೆ ಸಂತಳಾಗಲಿಲ್ಲ. ಆಮೇಲೆ ಅವಳನ್ನು ನಾಲ್ಕನೇ ಮಹಡಿಯ ಮೂಲೆ ಕೋಣೆಗೆ ಹಾಕಿದರು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಎ.ಸಿ.ಗಳ ಬೆನ್ನು ಕಾಣುತ್ತಿತ್ತು. ಮೇಜಿನ ಮೇಲೆ ಒಂದು ಅಗಲವಾದ ಮರದ ಟ್ರೇ, ಅದರಲ್ಲಿ ಸಾಲಾಗಿ ಮಲಗಿಸಿದ ಇಪ್ಪತ್ತನಾಲ್ಕು ಫೋನು, ಪ್ರತಿಯೊಂದರ ಬೆನ್ನಿಗೂ ಆಕೆಯ ಕೈಬರಹದ ಚೀಟಿ.

ಕೆಲಸ ಹೇಳಲಿಕ್ಕೆ ಸುಲಭ. ಬ್ಯಾಂಕು, ಕೊರಿಯರಿನವರು, ಆಸ್ಪತ್ರೆಯವರು ಜನರಿಗೆ ಕಳಿಸುವ ಮೆಸೇಜುಗಳು ಕಂಪನಿಯ ಮುಂಬಾಗಿಲಿನಿಂದ, ತಮ್ಮ ಹೆಸರು ಹೇಳಿಕೊಂಡು, ಶುಲ್ಕ ಕಟ್ಟಿ ಬರಬೇಕು. ಹಾಗೆ ಬರುತ್ತಿವೆಯೋ ಇಲ್ಲವೋ ಅಂತ ನೋಡುವುದು ಆಕೆಯ ಪಾಲಿಗೆ ಬಂದಿತ್ತು. ದಿನಕ್ಕೆ ನೂರು ಸಲ ಯಾವುದಾದರೊಂದು ಬ್ಯಾಂಕಿನ ಪುಟಕ್ಕೆ ಹೋಗಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತುವುದು, ಒಟಿಪಿ ಯಾವ ಫೋನಿಗೆ, ಯಾರ ಹೆಸರಲ್ಲಿ ಬಂತು ಅಂತ ಬರೆದಿಡುವುದು. “ನನ್ನಷ್ಟು ಮರೆಗುಳಿ ಹೆಂಗಸು ಈ ದೇಶದಲ್ಲೇ ಇಲ್ಲ” ಅಂತ ಮನೆಯಲ್ಲಿ ಗಂಡನಿಗೆ ಹೇಳುತ್ತಿದ್ದಳು. ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಪ್ರಾಣಭಯದಲ್ಲಿ ಇರುವವನಾದ್ದರಿಂದ ಮನೆಗೆ ಬಂದ ಮೇಲೆ ‘ಹೂಂ’ ಬಿಟ್ಟು ಬೇರೆ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಟ್ರೇಯ ಏಳನೇ ಫೋನಿಗೆ ದೊಡ್ಡ ಬ್ಯಾಂಕೊಂದರ ಒಟಿಪಿ ಬಂತು. ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರಿರಲಿಲ್ಲ. ಹತ್ತು ಅಂಕಿಯ ಯಾವುದೋ ಸಾಧಾರಣ ಮೊಬೈಲ್ ನಂಬರಿತ್ತು. ಆಕೆ ಮತ್ತೊಮ್ಮೆ ಪಾಸ್‌ವರ್ಡ್ ಮರೆತಳು. ಈ ಸಲ ಬೇರೆ ನಂಬರು. ಮಧ್ಯಾಹ್ನದ ಹೊತ್ತಿಗೆ ಅಂಥ ನಲವತ್ತು ನಂಬರು ಕೈಗೆ ಸಿಕ್ಕವು. ಎಲ್ಲ ತಮ್ಮದೇ ಕಂಪನಿಯವು.

ಇದರ ಅರ್ಥ ಆಕೆಗೆ ಬಿಡಿಸಿ ಹೇಳಬೇಕಿರಲಿಲ್ಲ. ಬ್ಯಾಂಕು ಮೆಸೇಜು ಕಳಿಸುವ ಕೆಲಸವನ್ನು ಒಬ್ಬ ದಲ್ಲಾಳಿಗೆ ಕೊಡುತ್ತದೆ. ಅವನು ಅವನಿಗಿಂತ ಅಗ್ಗದವನಿಗೆ, ಆ ಅಗ್ಗದವನು ಇನ್ನೂ ಅಗ್ಗದವನಿಗೆ ದಾಟಿಸುತ್ತಾನೆ. ಕೊನೆಗೆ ಯಾರೋ ಒಬ್ಬ ಒಂದು ಕೋಣೆಯಲ್ಲಿ ನೂರಾರು ಸಿಮ್ಮು ತುಂಬಿದ ಪೆಟ್ಟಿಗೆ ಇಟ್ಟುಕೊಂಡು, ಗೆಳೆಯ ಗೆಳೆಯನಿಗೆ ಕಳಿಸುವ ಪುಕ್ಕಟೆ ಮೆಸೇಜಿನ ವೇಷದಲ್ಲಿ ಅದನ್ನು ಸಾಗಿಸುತ್ತಾನೆ. ಕಂಪನಿಗೆ ಬರಬೇಕಾದ ಶುಲ್ಕ ಬರುವುದಿಲ್ಲ. ಅದು ಹಾಳಾಗಿ ಹೋಗಲಿ, ಜನರ ಗುಟ್ಟಿನ ಅಂಕಿಗಳೆಲ್ಲ ಗುರುತು ಪರಿಚಯ ಇಲ್ಲದವನ ಕೈದಾಟಿ ಬರುತ್ತವೆ. ಬೆಳಗ್ಗೆ ಬ್ಯಾಂಕಿನ ಮೆಸೇಜು ಹೊರುವ ಪೆಟ್ಟಿಗೆಯೇ ಮಧ್ಯಾಹ್ನ ಜನರ ಖಾತೆ ಬಳಿಯುವವರ ಮೆಸೇಜನ್ನೂ ಹೊರುತ್ತದೆ. ಅದಕ್ಕೇನು ಮಾನವೇ ಮರ್ಯಾದೆಯೇ!

ಆಕೆ ಪಟ್ಟಿ ಹಿಡಿದು ಮ್ಯಾನೇಜರ ಹತ್ತಿರ ಹೋದಳು.

ಮ್ಯಾನೇಜರ ಕೋಣೆಯಲ್ಲಿ ಒಂದು ಗೋಡೆಯೇ ಪರದೆಯಾಗಿತ್ತು. ಹಿಂದಿನ ವರ್ಷ ಟೈ ಕಟ್ಟಿಕೊಂಡ ಮೂವರು ಬಂದು, ಮೂರು ದಿನ ಬಿಸ್ಕತ್ತು ತಿಂದು, ಮೆಸೇಜು ಮೋಸ ತಡೆಯುವ ವ್ಯವಸ್ಥೆ ಅಂತ ಅದನ್ನು ತಗುಲಿಸಿ ಹೋಗಿದ್ದರು. ಎಲ್ಲ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ತಗುಲಿಸಿದ ದಿನದಿಂದ ಅದು ಹಸಿರಾಗಿಯೇ ಇತ್ತು. ಮ್ಯಾನೇಜರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಮಗಳ ಮದುವೆಯ ಫೋಟೋವನ್ನೂ ಅವರು ಅಷ್ಟು ಪ್ರೀತಿಯಿಂದ ತೋರಿಸಿದ್ದನ್ನು ಯಾರೂ ಕಂಡಿರಲಿಲ್ಲ.

“ಗೋಡೆ ನೋಡಿ ಮೇಡಂ. ಹಸಿರು.”

“ಸರ್, ಹೊರಗಿಂದ ಬರೋ ಕಳ್ಳನನ್ನು ಗೋಡೆ ನೋಡುತ್ತೆ. ಇವನು ಒಳಗೇ ಕೂತಿದಾನೆ. ನಮ್ಮದೇ ಸಿಮ್ಮು, ನಮ್ಮದೇ ನಂಬರು.”

“ಅಂಥದ್ದಿದ್ದರೆ ವ್ಯವಸ್ಥೆ ಹೇಳದೆ ಇರುತ್ತಾ? ಅದಕ್ಕೆ ಎಷ್ಟು ಸುರಿದಿದ್ದೀವಿ ಗೊತ್ತಾ?”

“ಸುರಿದಿದ್ದು ಜಾಸ್ತಿ ಅಂದ ಮಾತ್ರಕ್ಕೆ ಅದಕ್ಕೆ ಕಣ್ಣು ಬರುತ್ತಾ ಸರ್?”

ಮ್ಯಾನೇಜರು ನಕ್ಕರು. ಮೇಲಿನವರು ಕೆಳಗಿನವರ ಮಾತಿಗೆ ನಗುತ್ತಾರಲ್ಲ, ಹಲ್ಲು ಕಾಣುತ್ತದೆ, ಕಣ್ಣು ಮಾತ್ರ ಬಾಗಿಲ ಕಡೆ ಇರುತ್ತದೆ, ಹಾಗೆ. “ಒಂದು ಇಮೇಲ್ ಹಾಕಿಡಿ” ಅಂದರು. ಇಮೇಲ್ ಹಾಕಿಡಿ ಅಂದರೆ ನೆಲದಲ್ಲಿ ಹೂತಿಡಿ ಅಂತ ಅರ್ಥ ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಆಕೆಗೆ ಚೆನ್ನಾಗಿ ತಿಳಿದಿತ್ತು. ಆದರೂ ಹಾಕಿದಳು, ದಿನಾಂಕ ಸಮೇತ.

ಆ ವಾರದ ರಜೆಯ ದಿನ ಆಕೆ ಅಕ್ಕನ ಮನೆಗೆ ಊಟಕ್ಕೆ ಹೋದಳು. ಬಾಗಿಲು ತೆಗೆಯುತ್ತಲೇ ಅಕ್ಕ, “ನಿಮ್ಮ ಕಂಪನಿಗೆ ಬೆಂಕಿ ಬೀಳ. ಎರಡು ತಿಂಗಳಿಂದ ಈ ಬೀದಿಯಲ್ಲಿ ಫೋನೇ ಹಿಡಿಯಲ್ಲ. ಮಾತಾಡಬೇಕು ಅಂದ್ರೆ ಮೂಲೆಯ ಔಷಧಿ ಅಂಗಡಿ ತನಕ ನಡೀಬೇಕು. ನೀನು ಅಲ್ಲಿ ಕೂತು ಏನು ಮಾಡ್ತಿಯೇ?” ಅಂದಳು. ಆದರೆ ಅಕ್ಕನ ದನಿಯಲ್ಲಿ ಎಂದಿನ ಕಸುವಿರಲಿಲ್ಲ. ಕಣ್ಣು ಊದಿಕೊಂಡಿತ್ತು.

ಭಾವ ಊಟದ ಮೇಜಿನ ತಲೆಯಲ್ಲಿ ಕೂತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷಿಸಿದ್ದರಿಂದ ಜಗತ್ತಿನಲ್ಲಿ ತನ್ನನ್ನು ಬಿಟ್ಟು ಉಳಿದವರೆಲ್ಲ ಒಂದಿಷ್ಟು ಕಮ್ಮಿ ತೂಕದವರು ಅಂತ ಅವರಿಗೆ ಮನವರಿಕೆಯಾಗಿತ್ತು. ಆ ದಿನ ಅವರ ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ ನೇತಾಡುತ್ತಿತ್ತು. ತುತ್ತು ಎತ್ತುವಾಗೆಲ್ಲ ಅದು ಸಾರಿಗೆ ಅದ್ದದಂತೆ ಎಡಗೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

“ಏನು ಭಾವ ಇದು, ಮತ್ತೆ ಕೆಲಸಕ್ಕೆ ಸೇರಿದ್ರಾ?”

ಇದನ್ನು ಕೇಳಲಿ ಅಂತಲೇ ಕಾಯುತ್ತಿದ್ದವರು ನೆಟ್ಟಗೆ ಕೂತರು. “ತಾಂತ್ರಿಕ ಮೇಲ್ವಿಚಾರಕ. ಮೇಲಿನ ಕೋಣೆ ಬಾಡಿಗೆಗೆ ಕೊಟ್ಟಿದ್ದೀನಲ್ಲ, ಹವಾಮಾನ ಅಳೆಯೋ ಸಂಸ್ಥೆ. ಅಂಥಾ ಬಾಡಿಗೆದಾರರು ಬೇಕು ಅಂದ್ರೂ ಸಿಗಲ್ಲ. ಬರೀ ಮಿಷಿನ್ನು. ಮಕ್ಕಳಿಲ್ಲ, ಮರಿ ಇಲ್ಲ, ನೀರು ಖರ್ಚಿಲ್ಲ. ಎ.ಸಿ. ಅವರೇ ಹಾಕಿಸಿದರು. ನನ್ನನ್ನ ನೋಡಿದ ಕೂಡಲೇ, ‘ಸರ್, ನಿಮ್ಮಂಥ ಅನುಭವಸ್ಥರು ಉಸ್ತುವಾರಿ ನೋಡ್ಕೊಂಡ್ರೆ ನಮಗೆ ಧೈರ್ಯ’ ಅಂದ್ರು.”

“ಉಸ್ತುವಾರಿ ಅಂದ್ರೆ ಏನು ಮಾಡೋದು?”

“ಅದೆಲ್ಲ ನಿನಗೆ ಅರ್ಥ ಆಗಲ್ಲ ಬಿಡು.”

ಹೊಗಳಿಕೆ ಅಂದರೆ ಭಾವ ಅಂಗಾತ ಮಲಗಿಬಿಡುತ್ತಾರೆ ಎಂಬುದು ಆಕೆಗೆ ಹೊಸದಲ್ಲ. ಬಾಯಿಗೆ ಬಂದದ್ದನ್ನು ಅನ್ನದ ಜೊತೆ ನುಂಗಿ ಅಕ್ಕನ ಕಡೆ ತಿರುಗಿದಳು. “ನೀನ್ಯಾಕೆ ಹೀಗಿದ್ದೀಯ?”

ಅಕ್ಕ ಹೇಳುವ ಮೊದಲೇ ಭಾವ ಹೇಳಿದರು. ನಾಲ್ಕು ದಿನದ ಹಿಂದೆ ಅಕ್ಕನ ಫೋನಿಗೆ, ‘ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ವಿಳಾಸ ಸರಿಪಡಿಸಿ’ ಅಂತ ಮೆಸೇಜು ಬಂದಿತ್ತು. ಅಕ್ಕ ನಿಜಕ್ಕೂ ಒಂದು ಪಾರ್ಸೆಲ್ ಕಾಯುತ್ತಿದ್ದಳು. ಒತ್ತಿದಳು, ಕೇಳಿದ್ದೆಲ್ಲ ಕೊಟ್ಟಳು. ಹೊಲಿಗೆ ಮಿಷಿನ್ನಿಗೆ ಅಂತ ಎರಡು ವರ್ಷ ಕೂಡಿಟ್ಟದ್ದು ಹತ್ತು ನಿಮಿಷದಲ್ಲಿ ಖಾಲಿ. “ಬುದ್ಧಿ ಇರೋರು ಮಾಡೋ ಕೆಲಸವಾ ಇದು? ಮೂವತ್ತು ವರ್ಷ ಮೋಸ ಹಿಡಿದವನ ಹೆಂಡತಿ ಇವಳು! ಹೊರಗೆ ಹೇಳ್ಕೊಂಡ್ರೆ ನನ್ನ ಮಾನ ಏನಾಗಬೇಕು?” ನಾಲ್ಕು ದಿನದಿಂದ ಇದೇ ರಾಗವಂತೆ, ತಿಂಡಿಗೊಮ್ಮೆ, ಊಟಕ್ಕೊಮ್ಮೆ. ಅಕ್ಕ ತಲೆ ಎತ್ತದೆ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು.

“ಫೋನ್ ಕೊಡೇ ಇಲ್ಲಿ” ಅಂದಳು ತಂಗಿ. ಮೆಸೇಜು ಕಳಿಸಿದ ನಂಬರನ್ನು ಅಂಗೈಯ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಮರುದಿನ ಆಫೀಸಿನಲ್ಲಿ ಆ ನಂಬರಿನ ಬಾಲ ಹಿಡಿದು ಹೋದಳು. ಅದೂ ಬ್ಯಾಂಕಿನ ಒಟಿಪಿ ಹೊತ್ತು ತಂದ ಗುಂಪಿನದೇ. ಮೂರು ದಿನ ಕೂತು ಗುಂಪನ್ನು ಪೂರ್ತಿ ಬಿಡಿಸಿದಾಗ ಮುನ್ನೂರು ಚಿಲ್ಲರೆ ನಂಬರಾದವು. ಎಂಥಾ ಗ್ರಾಹಕರು ಅವರು! ಎರಡು ತಿಂಗಳಲ್ಲಿ ಒಬ್ಬರಿಗೂ ಒಂದು ಕರೆ ಬಂದಿಲ್ಲ. ರಾಂಗ್ ನಂಬರ್ ಕೂಡ ಇಲ್ಲ. ಒಬ್ಬರೂ ತಮ್ಮ ತಾಯಿಗೆ ಫೋನ್ ಮಾಡಿಲ್ಲ, ಯಾರ ಮೇಲೂ ರೇಗಿಲ್ಲ, ಒಂದು ಹೆಜ್ಜೆ ಆಚೆ ಇಟ್ಟಿಲ್ಲ. ಮುನ್ನೂರೂ ಮಂದಿ ಒಂದೇ ಟವರಿನ ಒಂದೇ ಮಗ್ಗುಲಲ್ಲಿ ಕೂತು, ಎಂಟೆಂಟು ಸೆಕೆಂಡಿಗೆ ಒಂದರಂತೆ ಮೆಸೇಜು ಕಳಿಸುತ್ತಲೇ ಇದ್ದಾರೆ. ಆ ಟವರು ಅಕ್ಕನ ಬಡಾವಣೆಯದು. ಬೀದಿಯವರ ಫೋನು ಹಿಡಿಯದಿದ್ದದ್ದು ಸುಮ್ಮನೆ ಅಲ್ಲ. ಇವರೇ ಜಾಗವನ್ನೆಲ್ಲ ತಿಂದು ಕೂತಿದ್ದರು.

ಈ ಸಿಮ್ಮುಗಳನ್ನು ಯಾರಿಗೆ ಮಾರಿದ್ದು ಅಂತ ಕಾಗದ ತೆಗೆಸಿದಳು. ಎಲ್ಲ ಒಂದೇ ದಿನ, ಒಂದೇ ಸಂಸ್ಥೆಗೆ, ‘ಹವಾಮಾನ ಅಳೆಯುವ ಯಂತ್ರಗಳಿಗೆ’. ಕೆಳಗೆ ಒಪ್ಪಿಗೆಯ ಸಹಿ ಮ್ಯಾನೇಜರದೇ. ಆ ತಿಂಗಳು ಅತಿ ಹೆಚ್ಚು ಸಿಮ್ಮು ಮಾರಿಸಿದ್ದಕ್ಕೆ ಅವರಿಗೊಂದು ಗಾಜಿನ ಟ್ರೋಫಿ ಸಿಕ್ಕಿತ್ತು. ಕೇಕು ಕತ್ತರಿಸಿದ್ದರು. ಜರಡಿಗೂ ಒಂದು ತುಂಡು ಬಂದಿತ್ತು, ಕೆನೆ ಇಲ್ಲದ ಮೂಲೆಯದು.

‘ಹವಾಮಾನ’ ಎಂಬ ಪದ ಓದಿದಾಗಲೇ ಆಕೆಗೆ ಭಾವನ ಕೊರಳಿನ ನೀಲಿ ಪಟ್ಟಿ ನೆನಪಾಯಿತು. ಆದರೂ ಟವರ್ ದುರಸ್ತಿಯ ಮೇಸ್ತ್ರಿಯನ್ನು ಸಿಗ್ನಲಿನ ಜಾಡು ಹಿಡಿಯುವ ಆಂಟೆನಾ ಕೊಟ್ಟು ಕಳಿಸಿದಳು. ಅವನು ಬೀದಿ ಬೀದಿ ತಿರುಗಿ ಸಾಯಂಕಾಲ ಬಂದು ಹೇಳಿದ: “ಮೇಡಂ, ಮನೆ ಸಿಕ್ಕಿತು. ಗೇಟಿನ ಮೇಲೆ ಕಬ್ಬಿಣದ ತಕ್ಕಡಿ ಕೂರಿಸಿದಾರೆ. ಮೇಲಿನ ಕೋಣೆ. ಕೆಳಗೆ ಒಬ್ಬ ಯಜಮಾನರು ಕೊರಳಿಗೆ ಬಿಲ್ಲೆ ಹಾಕ್ಕೊಂಡು ನಿಂತಿದ್ರು. ‘ಇದು ಸರಕಾರದ ಕೆಲಸ, ಆಚೆ ನಡಿ’ ಅಂತ ನನ್ನನ್ನೇ ಓಡಿಸಿದ್ರು.”

“ಅವರು ನಮ್ಮ ಭಾವ” ಅಂದಳು ಆಕೆ. ಮೇಸ್ತ್ರಿ ಆಂಟೆನಾ ಮಡಚಿದ.

ಕಾನೂನಿನ ಪ್ರಕಾರ ನೇರ ಪೊಲೀಸರಿಗೆ ಹೇಳಬೇಕಿತ್ತು. ಆದರೆ ಆಕೆ ಮೊದಲು ಹೋದದ್ದು ಅಕ್ಕನ ಹತ್ತಿರ. ಬೆಳಗ್ಗೆ ಹತ್ತು ಗಂಟೆ, ಭಾವ ವಾಚನಾಲಯಕ್ಕೆ ಹೋಗುವ ಹೊತ್ತು. ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲ ಕೇಳಿದಳು. ಒದ್ದೆ ದಿಂಬಿನ ಚೀಲ ಕೈಯಲ್ಲೇ ಇತ್ತು.

“ಅಂದ್ರೆ ನನಗೆ ಬಂದ ಆ ಮೆಸೇಜು...”

“ನಿನ್ನ ತಲೆ ಮೇಲಿಂದಲೇ ಬಂದಿದ್ದು.”

ಅಕ್ಕ ದಿಂಬಿನ ಚೀಲ ತಂತಿಗೆ ಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿ, ಒಳಗೆ ಹೋಗಿ ಬೀಗದ ಕೈ ತಂದಳು.

ಮೇಲಿನ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಕಿಟಕಿಗೆ ಒಳಗಿಂದ ರಟ್ಟು ಬಡಿದಿದ್ದರು. ಗೋಡೆಯ ಉದ್ದಕ್ಕೂ ಕಬ್ಬಿಣದ ಚೌಕಟ್ಟು, ಅದರಲ್ಲಿ ಹತ್ತು ಚಪ್ಪಟೆ ಪೆಟ್ಟಿಗೆ, ಪ್ರತಿ ಪೆಟ್ಟಿಗೆಯ ಬೆನ್ನಿನಿಂದ ಸಣ್ಣ ಸಣ್ಣ ಆಂಟೆನಾಗಳ ಸಾಲು. ಹಸಿರು ದೀಪಗಳು ಪಟಪಟ ಮಿಣುಕುತ್ತಿದ್ದವು. ನೋಡಲು ಅಂಥಾ ಭಯಂಕರವೇನೂ ಅಲ್ಲ. ಅದೇ ಆಕೆಗೆ ಇನ್ನಷ್ಟು ಸಿಟ್ಟು ತರಿಸಿತು. ಇಷ್ಟು ಜನರ ದುಡ್ಡು ದೋಚುವ ಕೋಣೆಗೆ ಒಂದು ಖದರಾದರೂ ಬೇಡವೇ? ಮೂಲೆಯ ಸ್ಟೂಲಿನ ಮೇಲೆ ಖಾಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಹಳೇ ಸಿಮ್ಮು. ಪಕ್ಕದಲ್ಲಿ ಒಂದು ನೋಟುಪುಸ್ತಕ, ಅಚ್ಚುಕಟ್ಟಾಗಿ ಗೆರೆ ಎಳೆದದ್ದು. ದಿನಾಂಕ, ಸಮಯ, ಎಷ್ಟನೇ ಪೆಟ್ಟಿಗೆಯ ಎಷ್ಟನೇ ಕಾರ್ಡು ಬದಲಾಯಿಸಿದ್ದು, ಎದುರಿಗೆ ಪುಟ್ಟ ಸಹಿ. ಇಲಾಖೆಯಲ್ಲಿ ತಕ್ಕಡಿಗೆ ಮುದ್ರೆ ಒತ್ತಿ ಹಾಕುತ್ತಿದ್ದ ಅದೇ ಸಹಿ.

ಅಕ್ಕ ತನಗೆ ಮೆಸೇಜು ಬಂದ ದಿನದ ಪುಟ ಹುಡುಕಿದಳು. ಆ ಬೆಳಗ್ಗೆ ಭಾವ ಹದಿನಾಲ್ಕು ಹೊಸ ಕಾರ್ಡು ಹಾಕಿದ್ದರು. ಪ್ರತಿಯೊಂದರ ನಂಬರನ್ನೂ ಬರೆದಿಟ್ಟಿದ್ದರು, ಶಿಸ್ತಿನ ಮನುಷ್ಯ. ಒಂಬತ್ತನೆಯದು ಅಕ್ಕನಿಗೆ ಮೆಸೇಜು ಕಳಿಸಿದ ನಂಬರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಭಾವ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು.

“ಯಾರು ನಿಮಗೆ ಒಳಗೆ ಬರೋಕೆ ಹೇಳಿದ್ದು? ಇದು ಸೂಕ್ಷ್ಮ ಯಂತ್ರ. ಧೂಳು ಹೋಗಬಾರದು.”

“ಇದು ಹೊರಗೆ ಮಳೆ ಬರುತ್ತೆ ಅಂತ ಎಂದಾದರೂ ಹೇಳಿತಾ ರೀ?” ಅಂದಳು ಅಕ್ಕ.

“ಏನು?”

“ಹವಾಮಾನದ ಮಿಷಿನ್ನಲ್ವಾ? ಎರಡು ತಿಂಗಳಲ್ಲಿ ಒಂದು ದಿನವಾದರೂ ಬಿಸಿಲು, ಮಳೆ, ಏನಾದರೂ ಹೇಳಿತಾ?”

ಭಾವ ಮಿಣುಕುವ ದೀಪಗಳ ಕಡೆ ನೋಡಿದರು. ಅಕ್ಕ ನೋಟುಪುಸ್ತಕವನ್ನೂ ತನ್ನ ಫೋನನ್ನೂ ಒಟ್ಟಿಗೆ ಅವರ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ ಒಂದೊಂದೇ ಅಂಕಿ ಹೋಲಿಸಿದರು. ಮೂವತ್ತು ವರ್ಷದ ಅಭ್ಯಾಸ, ಎರಡು ಸಲ ಹೋಲಿಸಿದರು. ಆಮೇಲೆ ಸ್ಟೂಲಿನ ಮೇಲಿಂದ ಡಬ್ಬಿ ತೆಗೆದು ಕೆಳಗಿಟ್ಟು, ಆ ಸ್ಟೂಲಿನ ಮೇಲೆ ಕೂತರು.

“ಬುದ್ಧಿ ಇರೋರು ಮಾಡೋ ಕೆಲಸವಾ ಇದು?” ಅಂತ ಅಕ್ಕ ಅನ್ನುತ್ತಾಳೆ, ಅನ್ನಲೇಬೇಕು ಅಂತ ತಂಗಿ ಕಾದಳು. ಅಕ್ಕ ಅನ್ನಲಿಲ್ಲ. “ಪೊಲೀಸರಿಗೆ ಹೇಳೇ” ಅಂದಳು. “ಇವರ ಊಟ ಆಗಲಿ, ಆಮೇಲೆ ಬರಲಿ.”

ಊಟವಾಯಿತು, ಪೊಲೀಸರು ಬಂದರು, ಪೆಟ್ಟಿಗೆಗಳನ್ನು ಹೊತ್ತೊಯ್ದರು. ‘ಹವಾಮಾನ ಸಂಸ್ಥೆ’ಯವರ ಫೋನು ಆ ಕ್ಷಣದಿಂದ ಸ್ವಿಚ್ ಆಫ್. ಭಾವನನ್ನು ಒಂದಿಡೀ ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಅವರ ನೋಟುಪುಸ್ತಕವೇ ಅವರನ್ನು ಉಳಿಸಿತು. ಕಳ್ಳತನಕ್ಕೆ ಇಷ್ಟು ಚೊಕ್ಕವಾಗಿ ಲೆಕ್ಕ ಬರೆದು ಸಹಿ ಹಾಕುವವನು ಕಳ್ಳನಾಗಿರಲಿಕ್ಕಿಲ್ಲ, ಬರೀ ದಡ್ಡ ಅಂತ ತೀರ್ಮಾನಿಸಿ ಸಾಕ್ಷಿ ಮಾಡಿಕೊಂಡರು.

ಆಫೀಸಿನಲ್ಲಿ ನಡೆದದ್ದು ಇನ್ನೂ ಸೊಗಸು. ಮೂರನೇ ದಿನ ಮ್ಯಾನೇಜರು ಖುದ್ದಾಗಿ ನಾಲ್ಕನೇ ಮಹಡಿಗೆ ಹತ್ತಿ ಬಂದರು. ಕೂರಲು ಕುರ್ಚಿ ಸಿಗದೆ ಮೇಜಿಗೆ ಒರಗಿ ನಿಂತರು.

“ಮೇಡಂ, ವರದಿ ಬರೀಬೇಕಲ್ಲ. ನಮ್ಮ ವ್ಯವಸ್ಥೆ ಇದನ್ನ ಪತ್ತೆ ಹಚ್ಚಿತು, ಆಮೇಲೆ ನೀವು ಸಹಕರಿಸಿದಿರಿ ಅಂತ ಬಂದರೆ ಚೆನ್ನಾಗಿರುತ್ತೆ. ಕಂಪನಿಗೂ ಮರ್ಯಾದೆ.”

“ಗೋಡೆ ಪತ್ತೆ ಹಚ್ಚಿತು ಅಂತ ಬರೀಲಾ ಸರ್?”

“ಗೋಡೆ ಅನ್ನಬೇಡಿ. ವ್ಯವಸ್ಥೆ.”

“ಅದು ಇವತ್ತೂ ಹಸಿರೇ ಇದೆ ಸರ್. ಈಗಷ್ಟೇ ನೋಡಿ ಬಂದೆ.”

ಆಕೆ ಬರೆದದ್ದು ಒಂದೂವರೆ ಪುಟ. ಏಳನೇ ಫೋನಿನಿಂದ ಶುರುಮಾಡಿ ತಕ್ಕಡಿಯ ಗೇಟಿನವರೆಗೆ, ಎಲ್ಲೂ ಬಣ್ಣ ಹಚ್ಚದೆ. ಆ ಮನೆ ತನ್ನ ಸ್ವಂತ ಅಕ್ಕ ಭಾವನದು ಅಂತಲೂ ಬರೆದಳು. ಕೊನೆಗೆ ತಾನು ಹಾಕಿದ ಇಮೇಲು ಮತ್ತು ಮುನ್ನೂರು ಸಿಮ್ಮಿನ ಮಾರಾಟದ ಕಾಗದ, ಸಹಿ ಸಮೇತ. ಮ್ಯಾನೇಜರಿಗೆ ಒಂದು ಪ್ರತಿ, ಅವರ ಮೇಲಿನವರಿಗೆ ಒಂದು ಪ್ರತಿ, ಆಮೇಲೆ ಸುಮ್ಮನೆ ಕೂರಲಾಗದೆ ಅವರ ಮೇಲಿನವರಿಗೂ ಒಂದು.

ಮ್ಯಾನೇಜರನ್ನು ಕೆಲಸದಿಂದ ತೆಗೆಯುತ್ತಾರೆ ಅಂತ ಕ್ಯಾಂಟೀನಿನಲ್ಲಿ ಎರಡು ವಾರ ಗುಸುಗುಸು ನಡೆಯಿತು. ತೆಗೆಯಲಿಲ್ಲ. ‘ಗ್ರಾಹಕರ ವಿಶ್ವಾಸ’ ಅಂತ ಹೊಸ ವಿಭಾಗವೊಂದನ್ನು ಹುಟ್ಟಿಸಿ, ಅದಕ್ಕೆ ಮುಖ್ಯಸ್ಥರನ್ನಾಗಿ ಮಾಡಿ ಕಳಿಸಿದರು. ಇಂಥ ಕಡೆ ಮನುಷ್ಯರು ಬೀಳುವುದಿಲ್ಲ, ಪಕ್ಕಕ್ಕೆ ಸರಿಯುತ್ತಾರೆ, ಸರಿದಲ್ಲಿ ಕುರ್ಚಿ ಇನ್ನಷ್ಟು ಮೆತ್ತಗಿರುತ್ತದೆ. ಆದರೂ ಒಂದು ಕೆಲಸವಾಯಿತು. ಕರೆ ಬಾರದ, ಕದಲದ, ಗಡಿಯಾರ ಹಿಡಿದು ಮೆಸೇಜು ಕಳಿಸುವ ನಂಬರುಗಳನ್ನು ತಾನೇ ಹುಡುಕುವಂತೆ ಆ ದುಬಾರಿ ವ್ಯವಸ್ಥೆಗೆ ಜರಡಿಯ ಪ್ರಶ್ನೆಗಳನ್ನು ಕಲಿಸಿದರು. ಮೊದಲ ವಾರವೇ ಬೇರೆ ಊರುಗಳಲ್ಲಿ ಅಂಥ ಆರು ಕೋಣೆ ಸಿಕ್ಕವು. ಪರದೆ ಕೆಂಪಾದದ್ದನ್ನು ಕಂಡು ಮೇಲಿನವರು ಗಾಬರಿಯಾಗಿ, ಕೆಂಪು ಬಣ್ಣ ನೋಡಲು ಕಷ್ಟವಾಗುತ್ತದೆ, ಸ್ವಲ್ಪ ಕಿತ್ತಳೆ ಮಾಡಬಹುದೇ ಅಂತ ಕೇಳಿದರಂತೆ.

‘ಹವಾಮಾನ ಸಂಸ್ಥೆ’ಯವರು ಸಿಕ್ಕಿಬಿದ್ದು, ಏಳು ತಿಂಗಳ ಮೇಲೆ ಪ್ರಕರಣ ಕೋರ್ಟಿಗೆ ಬಂತು. ಸಾಕ್ಷಿ ಹೇಳಲು ಆಕೆಯನ್ನೂ ಭಾವನನ್ನೂ ಒಂದೇ ದಿನ ಕರೆದರು. ಅಷ್ಟೂ ತಿಂಗಳು ಭಾವ ಆಕೆಯ ಜೊತೆ ಮಾತು ಬಿಟ್ಟಿದ್ದರು. ಆಕೆ ಮನೆಗೆ ಬಂದರೆ ಎದ್ದು ಒಳಕೋಣೆಗೆ ಹೋಗುತ್ತಿದ್ದರು. ಈಗ ಕಾರಿಡಾರಿನಲ್ಲಿ ಇದ್ದದ್ದು ಒಂದೇ ಬೆಂಚು, ಬೇರೆ ದಾರಿ ಇರಲಿಲ್ಲ. ಕೊನೆಗೆ ಭಾವನೇ ಮಾತು ತೆಗೆದರು.

“ಅವತ್ತು ನನಗೆ ಮೊದಲು ಒಂದು ಮಾತು ಹೇಳಬಹುದಿತ್ತು ನೀನು.”

“ಹೇಳಿದ್ದರೆ ಏನು ಮಾಡ್ತಿದ್ರಿ ಭಾವ?”

ಭಾವ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. “ಅವರಿಗೆ ಫೋನ್ ಮಾಡಿ, ಇದು ಹೌದಾ ಅಂತ ಕೇಳ್ತಿದ್ದೆ.”

“ಅದಕ್ಕೇ ಹೇಳಲಿಲ್ಲ.”

ಜವಾನ ಕೂಗಿದ. ಭಾವ ಎದ್ದು ಅಂಗಿಯ ಕಾಲರು ಸರಿಮಾಡಿಕೊಂಡು ಒಳಗೆ ಹೋದರು. ಏನೇನು ಸುತ್ತಿ ಬಳಸಿ ಹೇಳುತ್ತಾರೋ, ತಾನು ಅನುಭವಸ್ಥ ಅಂತ ಎಷ್ಟು ಸಲ ಅನ್ನುತ್ತಾರೋ ಅಂತ ಆಕೆ ತೆರೆದ ಬಾಗಿಲ ಹತ್ತಿರ ಕಿವಿ ಕೊಟ್ಟು ನಿಂತಳು. ಆಮೇಲೆ ಅಕ್ಕನ ಮುಂದೆ ನಟನೆ ಮಾಡಿ ತೋರಿಸಲು ಆಗುತ್ತದಲ್ಲ.

“ಕಾರ್ಡು ಹಾಕಿದ್ದು ಯಾರು?” ಅಂತ ವಕೀಲರು ಕೇಳಿದರು.

“ನಾನು” ಅಂದರು ಭಾವ. “ಏನು ಅಂತ ವಿಚಾರಿಸಲಿಲ್ಲ. ಸರ್ ಸರ್ ಅಂದ್ರು, ಹಿಗ್ಗಿಬಿಟ್ಟೆ. ನನ್ನ ಹೆಂಡತಿಗೇ ಮೋಸ ಆಯ್ತು. ಅವಳನ್ನೇ ಬೈದೆ.”

ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಆಕೆ ಬಾಗಿಲು ಬಿಟ್ಟು ಬಂದು ಬೆಂಚಿನ ಮೇಲೆ ಕೂತಳು. ಆ ದಿನದ ಮಟ್ಟಿಗೆ ಭಾವನನ್ನು ಆಡಿಕೊಳ್ಳಲು ಏನೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಆಕೆಗೆ ಅದು ಸ್ವಲ್ಪ ಬೇಜಾರೇ ಆಯಿತು.